ಬಾಲ ಮುಟ್ಟಿ ಹೇಳುವ ಖಾಮ್‌ಲಾ

ನನ್ನ ಅಣ್ಣ ಪ್ರಯೂನ್ ಹೆಂಡತಿಯನ್ನು ಹುಡುಕಿಕೊಂಡದ್ದು ಹುಳು ಮಾರುವ ಜಾಗದಲ್ಲಿ. ನಮ್ಮದು ಚೋನ್‌ಬುರಿಯ ಕಡಲಂಚಿನ ಊರು. ಅಣ್ಣ ಒಣಮೀನಿನ ಲಾರಿಯ ಜೊತೆ ದೂರದ ಈಸಾನ್ ಸೀಮೆಗೆ, ಕಾಲಸಿನ್‌ಗೆ ಹೋಗಿದ್ದ. ಅಲ್ಲಿನ ಸಂತೆಯಲ್ಲಿ ಒಬ್ಬಳು ಹುಡುಗಿ ಬಿದಿರು ತಟ್ಟೆಯ ತುಂಬ ಮೇಂಗ್‌ದಾ ಹರವಿಕೊಂಡು ಕೂತಿದ್ದಳಂತೆ. ಕೆರೆ, ಗದ್ದೆಗಳ ನೀರಿನಲ್ಲಿ ಬೆಳೆಯುವ ಕಂದು ಹುಳು ಅದು. ಹೆಬ್ಬೆರಳಿಗಿಂತ ಉದ್ದ, ಒಣಗಿದ ಎಲೆಯ ಹಾಗೆ ಚಪ್ಪಟೆ. ಮೆಣಸಿನಕಾಯಿಯ ಜೊತೆ ಕುಟ್ಟಿದರೆ ಅದರ ಪರಿಮಳ ಮೂರು ಮನೆಯಾಚೆಗೂ ಹೋಗುತ್ತದೆ. ಅಣ್ಣ ಕುಕ್ಕರುಗಾಲಲ್ಲಿ ಕೂತು, ದಪ್ಪದಪ್ಪನೆಯವನ್ನೇ ಆರಿಸಿ ಪಕ್ಕಕ್ಕಿಟ್ಟ. ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು.

"ಯಾಕೆ ನಗ್ತೀಯ?"

"ಏನಿಲ್ಲ ಪೀ. ಎಲ್ಲಾ ಹೆಂಗಸ್ರನ್ನೇ ಆರಿಸ್ಕೊಂಡಿದ್ದೀರಲ್ಲ, ಅದಕ್ಕೆ."

ಪೀ ಅಂದರೆ ನಮ್ಮಲ್ಲಿ ಅಣ್ಣನೂ ಹೌದು, ಅಕ್ಕನೂ ಹೌದು, ತನಗಿಂತ ನಾಲ್ಕು ದಿನ ಮೊದಲು ಹುಟ್ಟಿದವರೆಲ್ಲರೂ ಹೌದು. ಅವಳು ಒಂದು ಹುಳುವನ್ನು ಬೆನ್ನಡಿ ಮಾಡಿ ಹೊಟ್ಟೆಯ ತುದಿಯನ್ನು ಉಗುರಿನಿಂದ ಮೆಲ್ಲಗೆ ಒತ್ತಿ ತೋರಿಸಿದಳು. "ಪರಿಮಳ ಇರೋದು ಗಂಡಿನಲ್ಲಿ. ಗಂಡು ಸಣಕಲು. ಹೆಣ್ಣು ನೋಡೋಕೆ ದಪ್ಪ, ಮೂಗಿಗೆ ಏನೂ ಇಲ್ಲ. ದಪ್ಪ ನೋಡಿ ತಗೊಂಡ್ರೆ ಮನೇಲಿ ನನ್ನನ್ನ ಬಯ್ತೀರಿ."

ಅಷ್ಟನ್ನೂ ವಾಪಸ್ಸು ಸುರಿದು, ಅವಳೇ ಗಂಡುಗಳನ್ನು ಆರಿಸಿ ಬಾಳೆ ಎಲೆಯಲ್ಲಿ ಕಟ್ಟಿಕೊಟ್ಟಳು. ಆರಿಸುವಾಗ ಅವಳ ಕಣ್ಣು ತಟ್ಟೆಯ ಮೇಲಿರಲಿಲ್ಲ, ಪಕ್ಕದ ಅಂಗಡಿಯವಳ ಜೊತೆ ಮಾತಾಡುತ್ತಲೇ ಇದ್ದಳು. ಬೆರಳೇ ಕೆಲಸ ಮಾಡುತ್ತಿತ್ತು. ಅಣ್ಣ ಆಮೇಲೆ ತನ್ನ ಸರದಿಯಲ್ಲದಿದ್ದರೂ ಮೂರು ಸಲ ಲಾರಿ ಹತ್ತಿದ. ನಾಲ್ಕನೆಯ ಸಲ ಖಾಮ್‌ಲಾಳನ್ನು ಮದುವೆಯಾಗಿ ಕರೆದುಕೊಂಡೇ ಬಂದ.

ಅವಳಿಗೆ ಆಗ ಇಪ್ಪತ್ತೆರಡು, ನನಗೆ ಹದಿನೇಳು. ಒಂದು ಬಟ್ಟೆಗಂಟು, ಅಂಟು ಅನ್ನ ಬೇಯಿಸುವ ಬಿದಿರು ಬುಟ್ಟಿ, ಮೇಂಗ್‌ದಾ ಖಾರದ ಒಂದು ಜಾಡಿ, ಇಷ್ಟು ತಂದಿದ್ದಳು. ಊರಿನ ಅರ್ಧ ಜನ ನೋಡಲು ಬಂದರು. ಈಸಾನಿನವರು ಅಂದರೆ ಹುಳು ತಿನ್ನುವವರು ಎಂದು ನಮ್ಮವರಿಗೆ ಸಸಾರ. ಪಕ್ಕದ ಮನೆಯ ತವಿನ್ ಚಿಕ್ಕಪ್ಪ ಬೇಲಿಯ ಆಚೆಯಿಂದಲೇ ಶುರುಮಾಡಿದ.

"ಏನಮ್ಮಾ ಸೊಸೆ, ನಮ್ಮನೆ ಜಿರಲೆಗಳನ್ನೆಲ್ಲ ಒಳಗೆ ಕೂಡಿ ಹಾಕ್ಬೇಕಾ ಹೆಂಗೆ?"

"ನಿಮ್ಮನೆ ಜಿರಲೆ ನಂಗ್ಯಾಕೆ ಮಾವ? ಅದೇನು ತಿಂದು ಬೆಳೆದಿದೆಯೋ!" ಎಂದಳು ಖಾಮ್‌ಲಾ. "ನಮ್ಮ ಮಿಡತೆ ಭತ್ತದ ಎಲೆ ತಿನ್ನುತ್ತೆ. ನಿಮ್ಮ ಸಿಗಡಿ ಏನು ತಿನ್ನುತ್ತೆ ಅಂತ ಒಂದಿನ ಇಳಿದು ನೋಡಿ ಬನ್ನಿ."

ತವಿನ್ ಚಿಕ್ಕಪ್ಪ ಬೇಲಿಯಿಂದ ಕೈ ತೆಗೆದು ತನ್ನ ಮನೆಯೊಳಗೆ ನಡೆದ. ಅತ್ತಿಗೆ ನನಗೆ ಹಿಡಿಸಿದ್ದು ಆ ಗಳಿಗೆಯಲ್ಲೇ. ನಮ್ಮ ಅಮ್ಮ ಸಂಗ್ವಾನ್‌ಗೆ ಮಾತ್ರ ಹಿಡಿಸಲಿಲ್ಲ. ಬಾಯಿ ಉದ್ದ, ಕೈ ಎಷ್ಟು ಉದ್ದವೋ ನೋಡೋಣ ಎಂದು ಗೊಣಗಿದಳು.

ಮಾರನೆಯ ದಿನ ಅಮ್ಮ, "ಲಾ, ಬುಟ್ಟಿಯಲ್ಲಿ ಮೇಂಗ್‌ದಾ ಇದೆ, ತೊಳೆದಿಡು," ಎಂದು ಮೀನು ಒಣಹಾಕಲು ಹೋದಳು. ತವರಿನ ಹೆಸರು ಕೇಳಿ ಅತ್ತಿಗೆಯ ಮುಖ ಅರಳಿತು. ಮುಚ್ಚಳ ತೆಗೆದವಳೇ ಕಿರುಚಿ ಹಿಂದಕ್ಕೆ ಹಾರಿದಳು. ಒಳಗಿದ್ದದ್ದು ಕಡಲ ಮೇಂಗ್‌ದಾ. ಬೋರಲು ಹಾಕಿದ ಬೋಗುಣಿಯಂಥ ಗಟ್ಟಿ ಚಿಪ್ಪು, ಅದರಡಿಯಲ್ಲಿ ಕಾಲುಗಳ ಗೊಂಚಲು, ಹಿಂದೆ ದಬ್ಬಣದಂಥ ಉದ್ದ ಬಾಲ. ಹೆಸರು ಒಂದೇ, ಅದು ಕೆರೆಯದು, ಇದು ಕಡಲಿನದು.

"ಜಿಂದಾ, ಇದು ಮೇಂಗ್‌ದಾನಾ?" ಎಂದು ನನ್ನನ್ನು ಕೇಳಿದಳು. "ಇದರ ರೆಕ್ಕೆ ಎಲ್ಲಿ?"

ನಾನು ನಕ್ಕು ನಕ್ಕು ನೆಲದ ಮೇಲೆ ಕೂತೆ. ಸಂಜೆಯೊಳಗೆ ಆ ಮಾತು ಊರೆಲ್ಲ ಸುತ್ತಿತು. ರೆಕ್ಕೆ ಸಿಕ್ತಾ ಎಂದು ಕಂಡವರೆಲ್ಲ ಕೇಳುವವರೇ. ಅತ್ತಿಗೆ ಬೇಸರ ಮಾಡಿಕೊಳ್ಳಲಿಲ್ಲ. ಒಂದು ಮೇಂಗ್‌ದಾವನ್ನು ಬೆನ್ನಡಿ ಮಾಡಿ ತೊಡೆಯ ಮೇಲಿಟ್ಟುಕೊಂಡು ಹಿತ್ತಲಲ್ಲಿ ಮಧ್ಯಾಹ್ನವೆಲ್ಲ ಕೂತಳು. ಕಾಲು ಎಣಿಸಿದಳು, ಕೀಲು ಬಗ್ಗಿಸಿದಳು, ಹೊಟ್ಟೆಯಡಿಯ ಹಾಳೆಗಳನ್ನು ಪುಸ್ತಕದ ಹಾಗೆ ಒಂದೊಂದಾಗಿ ತಿರುವಿದಳು.

"ಅಮ್ಮ, ಇದು ಹುಳು ಅಲ್ಲ," ಎಂದು ರಾತ್ರಿಯೂಟಕ್ಕೆ ಕೂತಾಗ ಹೇಳಿದಳು. "ಹುಳುವಿಗೆ ಆರೇ ಕಾಲು. ಇದಕ್ಕೆ ಐದು ಜೊತೆ, ಬಾಯಿ ಹತ್ರ ಇನ್ನೊಂದು ಪುಟ್ಟ ಜೊತೆ. ಏಡಿನೂ ಅಲ್ಲ. ಏಡಿಗೆ ಮುಂದೆ ಮೀಸೆ ಇರುತ್ತೆ, ಇದಕ್ಕಿಲ್ಲ. ಜೇಡ, ಚೇಳು ಇದಾವಲ್ಲ, ಆ ಕಡೆ ನೆಂಟಸ್ತಿಕೆ ಇರ್ಬೇಕು ಅನ್ಸುತ್ತೆ."

"ಜೇಡ ಅಂತೆ!" ಅಮ್ಮ ಅನ್ನದ ತಟ್ಟೆ ಕುಕ್ಕಿದಳು. "ಊಟದ ಹೊತ್ತಲ್ಲಿ ಆಡೋ ಮಾತಾ ಇದು? ಕಾಲು ಎಣಿಸಿದ್ದು ಸಾಕು. ಬಾಲ ನೋಡಿದ್ಯಾ?"

"ನೋಡ್ದೆ. ಮೂರು ಏಣು ಇದೆ."

ಅಮ್ಮ ಕೈ ತೊಳೆದು ಎದ್ದವಳು ಹೊಗೆಗೂಡಿನ ಮೇಲಿನಿಂದ ಒಣಗಿದ ಬಾಲವೊಂದನ್ನು ತಂದು ಅತ್ತಿಗೆಯ ಅಂಗೈ ಮೇಲಿಟ್ಟಳು. ಅದು ಹೆಣಿಗೆ ಕಡ್ಡಿಯ ಹಾಗೆ ನುಣ್ಣಗೆ, ಗುಂಡಗೆ ಇತ್ತು.

"ಇದು ಇನ್ನೊಂದು ಜಾತಿ. ಕಡಲಂಚಿನ ಕಾಂಡ್ಲಾ ಕಾಡಿನ ಕೆಸರಲ್ಲಿ ಇರೋದು. ಮೈ ಸ್ವಲ್ಪ ಚಿಕ್ಕದು, ಅಷ್ಟೆ. ನಾವು ತಿನ್ನೋದು ಒಳಗಿನ ಮೊಟ್ಟೆ. ಅದನ್ನ ನೋಡಿದ್ರೂ ಗೊತ್ತಾಗಲ್ಲ, ರುಚಿ ನೋಡಿದ್ರೂ ಗೊತ್ತಾಗಲ್ಲ. ಬೇಯಿಸಿದ್ರೂ ವಿಷ ಹೋಗಲ್ಲ. ನನ್ನ ತಮ್ಮ ತಿಂದ. ಅವನಿಗೆ ಒಂಬತ್ತು, ನಂಗೆ ಹನ್ನೆರಡು. ಬೆಳಿಗ್ಗೆ ನಾನೇ ಸುಟ್ಟು ಕೊಟ್ಟಿದ್ದು." ಅಮ್ಮ ಬಾಲವನ್ನು ಅತ್ತಿಗೆಯ ಅಂಗೈಯಲ್ಲಿ ಒಮ್ಮೆ ಹೊರಳಿಸಿದಳು. "ಮೂರು ಏಣಿಂದು ತಿನ್ನೋದು. ಗುಂಡು ಬಾಲದ್ದು ಮುಟ್ಟಿ ಬಿಡೋದು. ಕಣ್ಣನ್ನ ನಂಬ್ಬೇಡ. ಮೋಡ ಇರುತ್ತೆ, ಕೆಸರು ಮೆತ್ತಿರುತ್ತೆ, ವಯಸ್ಸಾಗುತ್ತೆ. ಬೆರಳಲ್ಲಿ ಕಲಿ."

ಅಮ್ಮ ತನ್ನ ತಮ್ಮನ ವಿಷಯ ಹೇಳಿದ್ದನ್ನು ನಾನೂ ಅದೇ ಮೊದಲು ಕೇಳಿದ್ದು.

ಮರುದಿನ ಪರೀಕ್ಷೆ. ಎರಡೂ ಜಾತಿಯವನ್ನು ಒಂದೇ ಬುಟ್ಟಿಗೆ ಹಾಕಿ, ಮೇಲೆ ಹಳೆಯ ಪಂಚೆ ಹೊದಿಸಿ, ಕೈ ಮಾತ್ರ ಒಳಗೆ ಹಾಕಿ ಬೇರೆ ಮಾಡು ಎಂದಳು ಅಮ್ಮ. ನನಗೆ ಇದನ್ನು ಕಲಿಯಲು ಎರಡು ವರ್ಷ ಹಿಡಿದಿತ್ತು. ಅತ್ತಿಗೆ ಕಡಲ ಕಡೆ ನೋಡುತ್ತ, ಏನೋ ಗುನುಗುತ್ತ, ಎಡಕ್ಕೊಂದು ಬಲಕ್ಕೊಂದು ಎತ್ತಿಟ್ಟಳು. ಒಂದೂ ತಪ್ಪಲಿಲ್ಲ. ಐದು ವರ್ಷದವಳಿದ್ದಾಗಿನಿಂದ ಕತ್ತಲಲ್ಲಿ ಹುಳುವಿನ ಗಂಡು ಹೆಣ್ಣು ಬೇರೆ ಮಾಡಿದ ಕೈ ಅದು. ಅಮ್ಮ ಎರಡೂ ರಾಶಿಯನ್ನು ತಾನೇ ಇನ್ನೊಂದು ಸಲ ಮುಟ್ಟಿ ನೋಡಿದಳು. ಹೊಗಳಲಿಲ್ಲ. ಆದರೆ ಆ ಮಧ್ಯಾಹ್ನ ಸುಟ್ಟ ಮೊಟ್ಟೆ, ಹುಳಿ ಮಾವಿನಕಾಯಿ ಕಲಸಿದ ತಟ್ಟೆಯನ್ನು ಮೊದಲು ಇಟ್ಟದ್ದು ಅತ್ತಿಗೆಯ ಮುಂದೆ. ಅದಕ್ಕೆ ಮುಂಚೆ ಮೊದಲ ತಟ್ಟೆ ಅಣ್ಣನದಾಗಿತ್ತು.

ಅಣ್ಣನ ವಿಷಯ ಹೇಳಬೇಕು. ಕಡಲೂರಿನಲ್ಲಿ ಹುಟ್ಟಿಯೂ ಅವನಿಗೆ ದೋಣಿ ಆಗಿಬರುತ್ತಿರಲಿಲ್ಲ. ದಡ ಬಿಟ್ಟು ನಾಲ್ಕು ಮಾರು ಹೋಗುವಷ್ಟರಲ್ಲಿ ವಾಂತಿ. ಲಾರಿ ಕೆಲಸವೂ ನಿಂತ ಮೇಲೆ, ಅತ್ತಿಗೆ ಸಂತೆಯಲ್ಲಿ ಮೇಂಗ್‌ದಾ, ಏಡಿ ಮಾರಲು ಕೂತಳು. ಅಣ್ಣ ಬುಟ್ಟಿ ಹೊತ್ತ, ಮಂಜುಗಡ್ಡೆ ತಂದ, ಮನೆಯಲ್ಲಿ ತಮ್ಮ ಇಬ್ಬರು ಹೆಣ್ಣುಮಕ್ಕಳಿಗೆ ಸ್ನಾನ ಮಾಡಿಸಿ ಜಡೆ ಹಾಕಿದ. ಕಡಲ ಮೇಂಗ್‌ದಾದ ಗಂಡು ಚಿಕ್ಕದು. ಅದು ಹೆಣ್ಣಿನ ಬೆನ್ನಿಗೆ ಅಂಟಿಕೊಂಡೇ ಓಡಾಡುತ್ತದೆ. ಅದಕ್ಕೇ ಹೆಂಡತಿಯ ದುಡಿಮೆಯಲ್ಲಿ ಬದುಕುವ ಗಂಡಸನ್ನು ನಮ್ಮಲ್ಲಿ ಮೇಂಗ್‌ದಾ ಎಂದು ಬಯ್ಯುತ್ತಾರೆ. ಕೇಳಿದರೆ ಕೈ ಮಿಲಾಯಿಸುವಂಥ ಬೈಗುಳ.

ತವಿನ್ ಚಿಕ್ಕಪ್ಪ ಒಂದು ದಿನ ಚಹದ ಅಂಗಡಿಯಲ್ಲಿ, ಎಲ್ಲರ ಎದುರಿಗೇ, "ಬಂದಪ್ಪ ನಮ್ಮೂರ ಮೇಂಗ್‌ದಾ," ಎಂದುಬಿಟ್ಟ. ಅಣ್ಣನ ಕಿವಿ ಕೆಂಪಾಯಿತು. ಹಿಂದೆಯೇ ಬರುತ್ತಿದ್ದ ಅತ್ತಿಗೆ ಬುಟ್ಟಿ ಇಳಿಸಿದಳು.

"ಯಾವ ಮೇಂಗ್‌ದಾ ಮಾವ? ನಿಮ್ಮದಾ, ನಮ್ಮದಾ?"

"ಎರಡೂ ಒಂದೇ ಅಲ್ವೇನಮ್ಮ!"

"ಅಲ್ಲ. ನಮ್ಮ ಕೆರೆ ಮೇಂಗ್‌ದಾದಲ್ಲಿ ಹೆಣ್ಣು ಹುಲ್ಲುಕಡ್ಡಿಗೆ ಮೊಟ್ಟೆ ಇಟ್ಟು ಹೊರಟುಹೋಗುತ್ತೆ. ಗಂಡು ಅಲ್ಲೇ ಕಾವಲು ಕೂರುತ್ತೆ. ಬಿಸಿಲಾದ್ರೆ ನೀರಲ್ಲಿ ಮುಳುಗಿ ಬಂದು ಮೊಟ್ಟೆ ಒದ್ದೆ ಮಾಡುತ್ತೆ. ಮರಿ ಹೊರಗೆ ಬರೋವರೆಗೂ ಅದಕ್ಕೆ ಇದೇ ಕೆಲಸ. ಆ ಮೇಂಗ್‌ದಾ ಅಂದ್ರೆ ಧಾರಾಳವಾಗಿ ಅನ್ನಿ, ನಂಗೆ ಖುಷಿನೇ. ಅಂದಹಾಗೆ ನಿಮ್ಮ ಮಗಳಿಗೆ ಜಡೆ ಹಾಕೋಕೆ ಬರುತ್ತಾ ನಿಮಗೆ?"

ಚಹದ ಅಂಗಡಿಯವಳು ಮೊದಲು ನಕ್ಕಳು, ಆಮೇಲೆ ಎಲ್ಲರೂ. ಅಣ್ಣ ಬುಟ್ಟಿ ತಲೆಗೇರಿಸಿಕೊಂಡು ಎದೆಯುಬ್ಬಿಸಿ ನಡೆದ.

ಹೀಗೆ ಹನ್ನೆರಡು ವರ್ಷ ಕಳೆಯಿತು. ಅದೇ ತವಿನ್ ಚಿಕ್ಕಪ್ಪನ ಮಗಳ ಮದುವೆ ಬೇಸಿಗೆಯ ನಡುವಿಗೆ ನಿಶ್ಚಯವಾಯಿತು. ಮೇಂಗ್‌ದಾ ಇಲ್ಲದೆ ನಮ್ಮ ಕಡೆ ಮದುವೆಯೂಟ ಆಗದು. ಖಾಮ್‌ಲಾಳಿಗೆ ಹೇಳುತ್ತಾನೆ ಎಂದುಕೊಂಡಿದ್ದೆವು. ಆದರೆ ಬೀಗರು ಪಟ್ಟಣದವರು, ಊಟವೂ ಪಟ್ಟಣದವರದೇ ಆಗಲಿ ಎಂದು ಅಲ್ಲಿಂದ ಜೇ ಸಿಯೂ ಎಂಬ ಅಡುಗೆಯವಳನ್ನು ಕರೆಸಿದ. ಅವಳು, ಅವಳ ಗಂಡ ಹೆಂಗ್, ಇಬ್ಬರೂ ಬೆಳಿಗ್ಗೆಯೇ ಬಂದು ತೆಂಗಿನ ಮರಗಳ ಕೆಳಗೆ ಒಲೆ ಹೂಡಿದರು.

ಭಿಕ್ಷುಗಳು ಊಟ ಮುಗಿಸಿ ಹರಸಿ ಹೋದ ಮೇಲೆ ನಾವು ಹೆಂಗಸರು ಮಾವಿನಕಾಯಿ ಹೆರೆಯಲು ಹೋದೆವು. ಅತ್ತಿಗೆ ಒಲೆಯ ಮುಂದೆ ನಿಂತೇಬಿಟ್ಟಳು. ಕೆಂಡದ ಮೇಲಿನ ಮೇಂಗ್‌ದಾಗಳಿಗೆ ಬಾಲ ಇರಲಿಲ್ಲ.

"ಪೀ, ಇವುಗಳ ಬಾಲ ಎಲ್ಲಿ?"

"ಕತ್ತರಿಸಿ ಎಸೆದೆ," ಎಂದಳು ಜೇ ಸಿಯೂ. "ಕಂಬಿ ಮೇಲೆ ಹಿಡಿಸ್ಬೇಡ್ವಾ? ಯಾಕೆ, ಬಾಲಾನೂ ತಿಂತೀರಾ ನಿಮ್ಮೂರಲ್ಲಿ?"

"ಎಲ್ಲಿ ಎಸೆದ್ರಿ?"

"ಮನೆ ಹಿಂದಿನ ಕಾಲುವೆಗೆ. ಈಗೇನು, ಅದನ್ನ ಹುಡ್ಕೊಂಡು ಹೋಗ್ತೀಯಾ?"

ಅತ್ತಿಗೆ ತೊಟ್ಟಿಯಲ್ಲಿ ಇನ್ನೂ ಸುಡದೆ ಉಳಿದಿದ್ದವನ್ನು ಎತ್ತಿ, ಚಿಪ್ಪಿನ ಹಿಂದೆ ಬಾಲ ಕತ್ತರಿಸಿದ ಮೋಟಿನ ಮೇಲೆ ಬೆರಳಾಡಿಸಿದಳು. ಒಂದು, ಎರಡು, ಮೂರು. ನಾಲ್ಕನೆಯದನ್ನು ಬೇರೆ ಇಟ್ಟಳು. ಆಮೇಲೆ ಕೆಂಡದ ಮೇಲಿನವನ್ನೂ ಬರಿಗೈಯಲ್ಲೇ ತೆಗೆದು ಮುಟ್ಟತೊಡಗಿದಳು. ಬೆರಳು ಸುಡುವುದು ನನಗೆ ಕಾಣುತ್ತಿತ್ತು, ಅವಳು ಬಿಡಲಿಲ್ಲ.

"ಗುಂಡು ಬಾಲದ್ದು ಬೆರೆತಿವೆ," ಎಂದಳು. "ಬಾಣಲೆಯಲ್ಲಿ ಮೊದಲೇ ತೆಗೆದ ಮೊಟ್ಟೆ ಯಾವುದರದ್ದು?"

"ಎಲ್ಲಾ ಸೇರಿದ್ದು. ಏನಮ್ಮ ನಿಂದು? ಮೂವತ್ತು ವರ್ಷದಿಂದ ಅಡುಗೆ ಮಾಡ್ತಿದೀನಿ. ಮಿಡತೆ ಹುರಿಯೋರು ನಂಗೆ ಮೇಂಗ್‌ದಾ ಪಾಠ ಹೇಳೋಕೆ ಬಂದ್ರಾ?"

ತವಿನ್ ಚಿಕ್ಕಪ್ಪ ಓಡಿಬಂದ. ಬೀಗರ ಕಡೆಯವರು ಚಾಪೆಯ ಮೇಲೆ ಕೂತು ಇತ್ತಲೇ ನೋಡುತ್ತಿದ್ದರು. "ಲಾ, ಇವತ್ತೊಂದಿನ ಸುಮ್ನಿರಮ್ಮ," ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ. "ಮರ್ಯಾದೆ ಪ್ರಶ್ನೆ."

ಆಗ ಎದ್ದವಳು ಅಮ್ಮ. ಎಪ್ಪತ್ತು ದಾಟಿತ್ತು, ಮಂಡಿ ನೋವು, ಊರುಗೋಲು. ಯಾರನ್ನೂ ಏನೂ ಕೇಳಲಿಲ್ಲ. ಕುಂಟುತ್ತ ಬಂದು, ಮೊಟ್ಟೆ ತುಂಬಿದ ಬಾಣಲೆಗೆ ಊರುಗೋಲು ಸಿಕ್ಕಿಸಿ ಎಬ್ಬಿದಳು. ಅಷ್ಟೂ ಮರಳಿನ ಪಾಲಾಯಿತು.

"ನನ್ನ ಸೊಸೆ ಗುಂಡು ಅಂದ್ರೆ ಗುಂಡು," ಎಂದಳು. "ಮರ್ಯಾದೆ ಹೋದ್ರೆ ನನ್ನ ಹೆಸರು ಹೇಳು."

ಜೇ ಸಿಯೂ ತಲೆ ಮೇಲೆ ಕೈ ಹೊತ್ತು ಕೂಗಾಡಿದಳು. ಅವಳ ಗಂಡ ಹೆಂಗ್ ಮಾತ್ರ ಒಲೆಯ ಪಕ್ಕದ ಮಣೆಯ ಮೇಲೆ ಕೂತು ತುಟಿ ಉಜ್ಜಿಕೊಳ್ಳುತ್ತಿದ್ದ. ಅತ್ತಿಗೆ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಪೀ, ನೀವು ರುಚಿ ನೋಡಿದ್ರಾ?"

"ಎರಡು ಚಮಚ. ಖಾರ ಜಾಸ್ತಿ ಆಗಿದೆ. ತುಟಿಯೆಲ್ಲ ಜೋಮು."

"ಖಾರ ಆದ್ರೆ ಉರಿಯುತ್ತೆ, ಜೋಮು ಹಿಡಿಯಲ್ಲ. ನಾಲಿಗೆ?"

"ದಪ್ಪ ಆದಂಗಿದೆ," ಎಂದ ಹೆಂಗ್. ಆ ಮಾತೇ ತೊದಲಿತು.

ಮುಂದೆ ಯಾರೂ ಮರ್ಯಾದೆಯ ಮಾತೆತ್ತಲಿಲ್ಲ. ತವಿನ್ ಚಿಕ್ಕಪ್ಪ ಮದುವೆಯ ರೇಷ್ಮೆ ಅಂಗಿಯಲ್ಲೇ ತನ್ನ ಪಿಕಪ್ ಗಾಡಿ ತೆಗೆದ. ಹಿಂದೆ ಹೆಂಗ್‌ನನ್ನು ಮಲಗಿಸಿ ಅಣ್ಣ, ಅತ್ತಿಗೆ, ಜೇ ಸಿಯೂ ಹತ್ತಿದರು, ನಾನೂ ಹತ್ತಿದೆ. ಆಸ್ಪತ್ರೆಗೆ ಮುಕ್ಕಾಲು ಗಂಟೆಯ ದಾರಿ. ಅರ್ಧ ದಾರಿಯಲ್ಲಿ ಅವನ ಕೈಕಾಲು ಸೋತವು. ಉಪ್ಪಿನ ಗದ್ದೆಗಳನ್ನು ದಾಟಿದ ಮೇಲೆ ಎದೆ ಏಳುವುದೂ ನಿಂತಿತು. ಜೇ ಸಿಯೂ ಎದೆ ಬಡಿದುಕೊಂಡಳು.

ಮುಳುಗಿದವರಿಗೆ ಉಸಿರು ಕೊಡುವುದನ್ನು ಆರೋಗ್ಯ ಕೇಂದ್ರದವರು ಒಮ್ಮೆ ನಮ್ಮೂರಿನಲ್ಲಿ ಕಲಿಸಿದ್ದರು. ಗಂಡಸರೆಲ್ಲ ನಾಚಿಕೊಂಡು ಹಿಂದೆ ನಿಂತಿದ್ದಾಗ ಮುಂದೆ ಹೋಗಿ ಕಲಿತವನು ಅಣ್ಣನೊಬ್ಬನೇ. ಅವನು ಹೆಂಗ್‌ನ ಮೂಗು ಹಿಡಿದು ಬಾಯಿಗೆ ಬಾಯಿ ಇಟ್ಟು ಊದಿದ. ಗಾಡಿ ಗುಂಡಿಯಲ್ಲಿ ಕುಣಿಯುತ್ತಿತ್ತು. ಅಣ್ಣ ಊದಿದ, ಬಿಟ್ಟ, ಮತ್ತೆ ಊದಿದ. ಅತ್ತಿಗೆ ಹೆಂಗ್‌ನ ತಲೆ ಅಲುಗದಂತೆ ಮೊಣಕಾಲ ನಡುವೆ ಹಿಡಿದು, "ಇನ್ನೊಂದು. ಇನ್ನೊಂದು," ಎನ್ನುತ್ತಿದ್ದಳು. ಆಸ್ಪತ್ರೆಯ ಬಾಗಿಲು ಬರುವವರೆಗೂ ನಿಲ್ಲಿಸಲಿಲ್ಲ. ಒಳಗಿನವರು ಅವನನ್ನು ಎತ್ತಿಕೊಂಡು ಉಸಿರಾಟದ ಯಂತ್ರಕ್ಕೆ ಹಾಕಿದ ಮೇಲೆ, ಅಣ್ಣ ಗಾಡಿಯ ಚಕ್ರದ ಪಕ್ಕ ನೆಲದ ಮೇಲೇ ಕೂತುಬಿಟ್ಟ. ತವಿನ್ ಚಿಕ್ಕಪ್ಪ ನೀರು ತಂದು ಕೊಟ್ಟ. ಅಣ್ಣನ ಬೆನ್ನು ಸವರುತ್ತ ನಿಂತ.

ಈ ವಿಷಕ್ಕೆ ಮದ್ದಿಲ್ಲ. ಮೈಯಿಂದ ತಾನಾಗಿ ಇಳಿಯುವವರೆಗೆ ಉಸಿರು ನಡೆಸುತ್ತಿರಬೇಕು, ಅಷ್ಟೇ. ಎರಡು ದಿನ ಯಂತ್ರ ನಡೆಸಿತು. ಮೂರನೆಯ ದಿನ ಹೆಂಗ್ ಎದ್ದು ಕೂತು ಗಂಜಿ ಕುಡಿದ.

"ನಂಗೆಲ್ಲ ಕೇಳಿಸ್ತಿತ್ತು," ಎಂದ, ನೋಡಲು ಹೋದ ನಮಗೆ. "ಕಣ್ಣು ಬಿಡೋಕಾಗ್ತಿರಲಿಲ್ಲ, ಬೆರಳು ಅಲ್ಲಾಡಿಸೋಕಾಗ್ತಿರಲಿಲ್ಲ. ಆದ್ರೆ ಈ ತಂಗಿ 'ಇನ್ನೊಂದು, ಇನ್ನೊಂದು' ಅಂತಿದ್ದದ್ದು ಪ್ರತಿಯೊಂದೂ ಕೇಳಿಸ್ತು." ಆಮೇಲೆ ಅಣ್ಣನ ಕಡೆ ತಿರುಗಿದ. "ನೀನು ಅವತ್ತು ಅದೆಷ್ಟು ಬೆಳ್ಳುಳ್ಳಿ ತಿಂದಿದ್ಯೋ ಮಾರಾಯ! ಸಾಯೋಣ ಅಂದ್ರೂ ಆ ವಾಸನೆ ಬಿಡಲಿಲ್ಲ."

ಅಣ್ಣ ನಕ್ಕ. ಜೇ ಸಿಯೂ ನಗಲಿಲ್ಲ. ಅತ್ತಿಗೆಯ ಸುಟ್ಟ ಬೆರಳುಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ತನಗಿಂತ ಚಿಕ್ಕವಳಾದರೂ ಹಣೆಗೆ ಒತ್ತಿಕೊಂಡಳು. ಮುಂದಿನ ವಾರವೇ ಬಸ್ಸು ಹತ್ತಿ ನಮ್ಮೂರಿಗೆ ಬಂದಳು. ಕಲಿಸು ಎಂದಳು. ಅತ್ತಿಗೆ ಕಲಿಸಿದಳು, ಅಮ್ಮ ಪಕ್ಕದಲ್ಲಿ ಕೂತು ಬಯ್ಯುವ ಕೆಲಸ ನೋಡಿಕೊಂಡಳು. ತವಿನ್ ಚಿಕ್ಕಪ್ಪ ಅಣ್ಣನನ್ನು ಆಮೇಲೆ ಮೇಂಗ್‌ದಾ ಎಂದು ಕರೆಯುತ್ತಿದ್ದದ್ದು ನಿಜ. ಆದರೆ "ನಮ್ಮ ಕೆರೆ ಮೇಂಗ್‌ದಾ" ಎನ್ನುತ್ತಿದ್ದ, ಪಕ್ಕದಲ್ಲಿ ಕೂರಿಸಿಕೊಂಡು ಚಹ ಕೊಡಿಸುತ್ತಿದ್ದ.

ಅಮ್ಮ ತೀರಿಹೋಗಿ ಈಗ ಎಂಟು ವರ್ಷ. ಕೊನೆಯ ದಿನಗಳಲ್ಲಿ ಕಣ್ಣು ಪೂರ್ತಿ ಮಂಜಾಗಿತ್ತು. ಅತ್ತಿಗೆ ಬೆಳಗಿನ ಬುಟ್ಟಿಯನ್ನು ಅವಳ ಹಾಸಿಗೆಯ ಪಕ್ಕಕ್ಕೇ ತಂದು, "ಅಮ್ಮ, ಒಂದ್ಸಲ ನೋಡಿಬಿಡಿ," ಎನ್ನುತ್ತಿದ್ದಳು. ಅಮ್ಮ ಒಂದೊಂದೇ ಬಾಲ ಮುಟ್ಟಿ, "ಸರಿ ಇದೆ, ತಗೊಂಡು ಹೋಗು," ಎನ್ನುತ್ತಿದ್ದಳು. ನೋಡುವ ಅಗತ್ಯವಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅತ್ತಿಗೆಗೆ ಈಗ ಐವತ್ತೈದು. ಸಂತೆಯಲ್ಲಿ ಅವಳ ಮುಂದೆ ಎರಡೂ ಮೇಂಗ್‌ದಾ ಇರುತ್ತವೆ. ಕೆರೆಯದನ್ನು ಅವಳ ತಮ್ಮ ಬಸ್ಸಿನಲ್ಲಿ ಕಳಿಸುತ್ತಾನೆ. ವರ್ಷಕ್ಕೊಮ್ಮೆ ಶಾಲೆಯವರು ಕರೆಯುತ್ತಾರೆ. ಅವಳು ಜೇಡ, ಮಿಡತೆ, ಸಿಗಡಿ, ಶತಪದಿ ಎಲ್ಲವನ್ನೂ ಡಬ್ಬಿಗಳಲ್ಲಿ ಹಾಕಿಕೊಂಡು ಹೋಗುತ್ತಾಳೆ. ಹೆಸರು ಹೇಳುವ ಮಕ್ಕಳಿಗೆ ಅವಳಲ್ಲಿ ಬೆಲೆಯಿಲ್ಲ. "ಹೆಸರು ಆಮೇಲೆ. ಮೊದ್ಲು ಕಾಲು ಎಣಿಸು. ಮೀಸೆ ಇದೆಯಾ ನೋಡು. ಮೈ ಎಷ್ಟು ತುಂಡು?" ಎನ್ನುತ್ತಾಳೆ. ಹೋದ ವರ್ಷ ಮೇಷ್ಟ್ರು, ಕಡಲ ಮೇಂಗ್‌ದಾ ಏಡಿಗಿಂತ ಜೇಡಕ್ಕೇ ಹತ್ತಿರದ ನೆಂಟ ಎಂದು ಪುಸ್ತಕ ತೆರೆದು ತೋರಿಸಿದರಂತೆ. ಮನೆಗೆ ಬಂದು ಅಮ್ಮನ ಪಟದ ಮುಂದೆ ನಿಂತು, "ಕೇಳಿಸ್ತಾ?" ಎಂದಳು.

ಕಳೆದ ವಾರ ಗಾಳಿ ಇಲ್ಲದ ಒಂದು ಬೆಳಿಗ್ಗೆ ಅವಳು ದೋಣಿಕಟ್ಟೆಯ ತುದಿಯಲ್ಲಿ ಹೊಟ್ಟೆ ಅಡಿಯಾಗಿ ಮಲಗಿದ್ದಳು. ಬಿದ್ದಳೋ ಎಂದು ನಾನು ಹೆದರಿ ಓಡಿದೆ.

"ಶ್! ಬಾ ಇಲ್ಲಿ, ಮೆಲ್ಲಗೆ," ಎಂದಳು.

ಕಂಬದ ನೆರಳಿನಲ್ಲಿ, ಉಪ್ಪು ನೀರಿನ ಮೇಲೆ, ಅಕ್ಕಿ ಕಾಳಿನಷ್ಟು ಬೂದು ಬಣ್ಣದ ಏನೋ ಜಾರಾಡುತ್ತಿದ್ದವು. ಮುಳುಗುತ್ತಿರಲಿಲ್ಲ, ಹಾರುತ್ತಲೂ ಇರಲಿಲ್ಲ. ಅಲೆ ಎದ್ದರೆ ಅದರ ಮೇಲೇರಿ ಇಳಿಯುತ್ತಿದ್ದವು.

"ನಾಲ್ಕು ಕಾಲು ಅಂದ್ಕೊಂಡಿದ್ದೆ. ಅಲ್ಲ, ಮುಂದೆ ಎರಡು ಗಿಡ್ಡ ಇದಾವೆ ನೋಡು. ಆರು! ಜಿಂದಾ, ಕಡಲ ಮೇಲೆ ಹುಳು!"

"ಇದಕ್ಕೇನಂತಾರೆ ಪೀ?"

"ನಂಗೇನು ಗೊತ್ತು? ಮೂವತ್ಮೂರು ವರ್ಷದಿಂದ ಇಲ್ಲೇ ಇದ್ದೀನಿ, ಇವತ್ತು ಕಂಡಿದ್ದು." ಅವಳ ಮುಖದಲ್ಲಿ ನಗು ತುಳುಕುತ್ತಿತ್ತು. "ಸ್ವಲ್ಪ ಆ ಕಡೆ ಸರಿ. ನಿನ್ನ ನೆರಳು ಬೀಳ್ತಿದೆ."

ನಾನು ಸರಿದು ಕೂತೆ. ಅಣ್ಣ ಮನೆಯಿಂದ ಎರಡು ಸಲ ಊಟಕ್ಕೆ ಕೂಗಿದ. ಮೂರನೆಯ ಸಲ ಕೂಗದೆ, ಅಂಟು ಅನ್ನದ ಬುಟ್ಟಿ, ಖಾರದ ಬಟ್ಟಲು ಹಿಡಿದುಕೊಂಡು ತಾನೇ ಕಟ್ಟೆಗೆ ಬಂದ.